ಲಾರಿ ಇಂಜಿನ್‌ಗೆ ಹಳೆಯ ಸಿಲಿಂಡರ್ ಹೆಡ್: ಕೊಳ್ಳುವ ಮುನ್ನ ಮಾಡಬೇಕಾದ ಲೆಕ್ಕ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಪ್ರದೇಶದ ವ್ಯಾಪಾರ-ಉದ್ಯಮಗಳು ಲಾರಿಯ ಗಾಲಿಗಳ ಮೇಲೆ ನಿಂತಿವೆ. 1968ರಲ್ಲಿ ವಾಡಿಯಲ್ಲಿಯೂ, 1986ರಲ್ಲಿ ಸೇಡಂನಲ್ಲಿಯೂ, 2015ರಲ್ಲಿ ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿಯೂ ಆರಂಭಗೊಂಡ ಸಿಮೆಂಟ್ ಕಾರ್ಖಾನೆಗಳು, ಮಳಖೇಡ ಮತ್ತು ಚಿಂಚೋಳಿ ಭಾಗದ ಇತರ ಕಾರ್ಖಾನೆಗಳು, ಶಹಾಬಾದಿನ ಕಲ್ಲಿನ ಗಣಿ ಹಾಗೂ ಪಾಲಿಶ್ ಘಟಕಗಳು, ತೊಗರಿಯ ದಾಲ್ ಮಿಲ್ಲುಗಳು ಇವೆಲ್ಲಕ್ಕೂ ಸರಕು ಸಾಗಣೆಯೇ ಜೀವನಾಡಿ. ಇಲ್ಲಿ ಒಂದೆರಡು ಲಾರಿಗಳನ್ನು ಇಟ್ಟುಕೊಂಡು ಬಾಡಿಗೆಗೆ ಓಡಿಸುವವರೂ ಇದ್ದಾರೆ. ತಮ್ಮದೇ ಸರಕನ್ನು ತಮ್ಮದೇ ಲಾರಿಯಲ್ಲಿ ಸಾಗಿಸುವ ಸಣ್ಣ ಉತ್ಪಾದಕರೂ ಇದ್ದಾರೆ.

ಹಳೆಯ ಲಾರಿಯ ಇಂಜಿನ್ ಸೋತಾಗ ಹೊಸ ಇಂಜಿನ್ ಹಾಕಿಸುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಗುಜರಿಗೆ ಹೋದ ಲಾರಿಯ ಇಂಜಿನ್ ತಂದು ಕೂರಿಸುವುದು, ಅಥವಾ ಬ್ಲಾಕನ್ನು ಒಂದು ಕಡೆ, ಹೆಡ್ಡನ್ನು ಇನ್ನೊಂದು ಕಡೆ ಕೊಂಡು ಜೋಡಿಸುವುದು ಸಾಮಾನ್ಯ ರೂಢಿ. ಹೀಗೆ ಇಂಜಿನ್ ಬದಲಿಸುವಾಗ ಅತಿ ಹೆಚ್ಚು ಸಂದೇಹಕ್ಕೆ ಒಳಗಾಗಬೇಕಾದ, ಆದರೆ ಅತಿ ಕಡಿಮೆ ಪರೀಕ್ಷೆಗೆ ಒಳಗಾಗುವ ಭಾಗವೆಂದರೆ ಸಿಲಿಂಡರ್ ಹೆಡ್. ಈ ಖರೀದಿಯಲ್ಲಿ ಅಂಗಡಿಯವನು ಹೇಳುವ ದರವೇ ಬೆಲೆಯಲ್ಲ. ತಪಾಸಣೆ, ಬಿಲ್ಲು ಮತ್ತು ತೆರಿಗೆಯ ಪರಿಣಾಮಗಳನ್ನು ಕೂಡಿಸಿ ಕಳೆದ ಮೇಲೆ ಉಳಿಯುವುದೇ ನಿಜವಾದ ಬೆಲೆ. ಈ ಲೆಕ್ಕದ ವಿಧಾನವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

1. ಹೆಡ್ ಕೆಡಲು ಕಾರಣಗಳು

ಸಿಲಿಂಡರುಗಳ ಬಾಯಿಯನ್ನು ಮೇಲಿನಿಂದ ಮುಚ್ಚುವ ಎರಕದ ಭಾಗವೇ ಹೆಡ್. ವಾಲ್ವುಗಳು, ಅವುಗಳ ಸೀಟು ಮತ್ತು ಗೈಡುಗಳು, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳು ಇದರಲ್ಲಿಯೇ ಇರುತ್ತವೆ. ಒಂದು ಬದಿಯಲ್ಲಿ ಉರಿಯುವ ಅನಿಲದ ಶಾಖ, ಇನ್ನೊಂದು ಬದಿಯಲ್ಲಿ ಹರಿಯುವ ನೀರು. ಇವೆರಡರ ನಡುವೆ ಇರುವ ಲೋಹವು ಸದಾ ಹಿಗ್ಗುತ್ತಾ ಕುಗ್ಗುತ್ತಾ ಇರುತ್ತದೆ. ಎರಕದ ಕಬ್ಬಿಣವು ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆಯಾದರೂ ಎಳೆತವನ್ನು ಅಷ್ಟಾಗಿ ತಡೆಯಲಾರದು. ಆದುದರಿಂದ ಅತಿಯಾಗಿ ಕಾದು ಏಕಾಏಕಿ ತಣಿದಾಗ ಎರಡು ವಾಲ್ವ್ ಸೀಟುಗಳ ನಡುವಿನ ಕಿರಿದಾದ ಜಾಗದಲ್ಲಿ, ಇಲ್ಲವೇ ಇಂಜೆಕ್ಟರ್ ರಂಧ್ರದ ಸುತ್ತ ಬಿರುಕು ಹುಟ್ಟುತ್ತದೆ.

ಈ ಪ್ರದೇಶದಲ್ಲಿ ಮೂರು ಸಂಗತಿಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ. ಮೊದಲನೆಯದು ಬೇಸಿಗೆಯ ಬಿಸಿಲು, ಎರಡನೆಯದು ಗಣಿ ಮತ್ತು ಕಾರ್ಖಾನೆಗಳ ಧೂಳು ರೇಡಿಯೇಟರಿನ ಸಂದುಗಳನ್ನು ತುಂಬಿಬಿಡುವುದು, ಮೂರನೆಯದು ನೀರು. ಸುಣ್ಣದ ಕಲ್ಲಿನ ನೆಲದಿಂದ ಬರುವ ಕೊಳವೆ ಬಾವಿಯ ನೀರು ಗಡಸಾಗಿರುತ್ತದೆ. ಅದನ್ನೇ ರೇಡಿಯೇಟರಿಗೆ ಸುರಿಯುತ್ತಾ ಹೋದರೆ ಹೆಡ್ಡಿನೊಳಗಿನ ನೀರಿನ ದಾರಿಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಈ ಪದರವು ಕಬ್ಬಿಣಕ್ಕಿಂತ ಹಲವು ಪಟ್ಟು ಕಡಿಮೆ ಶಾಖವನ್ನು ಸಾಗಿಸುವುದರಿಂದ, ರೇಡಿಯೇಟರಿನಲ್ಲಿ ನೀರು ತುಂಬಿದ್ದರೂ ಹೆಡ್ಡಿನ ಲೋಹ ಒಳಗೊಳಗೇ ಕಾಯುತ್ತದೆ. ಇದೇ ಭಾಗದಲ್ಲಿ ಓಡಿದ ಲಾರಿಯಿಂದ ಬಿಚ್ಚಿದ ಹೆಡ್ಡನ್ನು ಕೊಳ್ಳುವವರು ಈ ಇತಿಹಾಸವನ್ನೂ ಸೇರಿಸಿಯೇ ಕೊಳ್ಳುತ್ತಾರೆ ಎಂಬುದನ್ನು ಮರೆಯಬಾರದು.

2. ಮಾರುಕಟ್ಟೆಯಲ್ಲಿ ದೊರೆಯುವ ಬಗೆಗಳು

ಕಲಬುರಗಿ, ಸೊಲ್ಲಾಪುರ, ಹೈದರಾಬಾದ್ ಮತ್ತು ವಿಜಯವಾಡದ ಆಟೋನಗರಗಳಂತಹ ಮಾರುಕಟ್ಟೆಗಳಲ್ಲಿ ದೊರೆಯುವ ಹೆಡ್ಡುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

(ಅ) ಲಾರಿ ಅಥವಾ ಇಂಜಿನ್ ತಯಾರಕರ ಹೆಸರಿನಲ್ಲಿ, ಅವರದೇ ಬಿಡಿಭಾಗ ಸಂಖ್ಯೆಯೊಂದಿಗೆ ಬರುವ ಹೊಸ ಹೆಡ್.
(ಆ) ಬೇರೆ ಫೌಂಡ್ರಿಗಳು ಅದೇ ಅಳತೆಗೆ ತಯಾರಿಸಿ ಮಾರುವ ಹೊಸ ಹೆಡ್. ಇದನ್ನು ವ್ಯಾಪಾರದಲ್ಲಿ ‘ಆಫ್ಟರ್ ಮಾರ್ಕೆಟ್’ ಮಾಲು ಎನ್ನುತ್ತಾರೆ.
(ಇ) ಹಳೆಯ ಹೆಡ್ಡನ್ನು ಶುಚಿಗೊಳಿಸಿ, ಒತ್ತಡ ಪರೀಕ್ಷೆ ಮಾಡಿ, ಮುಖ ಸಮಗೊಳಿಸಿ, ಸೀಟು-ಗೈಡು ಬದಲಿಸಿ ಕೊಡುವ ರೀಕಂಡಿಶನ್ ಹೆಡ್.
(ಈ) ಮತ್ತೊಂದು ಲಾರಿಯಿಂದ ಬಿಚ್ಚಿ, ಇದ್ದ ಸ್ಥಿತಿಯಲ್ಲಿಯೇ ಮಾರುವ ಹೆಡ್.

ನಾಲ್ಕನೆಯ ಬಗೆಯಲ್ಲಿ ಮತ್ತೊಂದು ಒಳಭೇದವಿದೆ. ಬಿಚ್ಚಿದ ಹೆಡ್ ಕಂಪನಿಯ ಮೂಲ ಹೆಡ್ ಆಗಿರಬಹುದು. ಅಥವಾ ಹಿಂದಿನ ಮಾಲೀಕನು ಒಮ್ಮೆ ಬದಲಿಸಿ ಹಾಕಿಸಿದ್ದ ಆಫ್ಟರ್ ಮಾರ್ಕೆಟ್ ಹೆಡ್ ಆಗಿರಬಹುದು. ಈ ಎರಡನೆಯದರಲ್ಲಿ ಎರಕ ಯಾರದು, ಎಷ್ಟು ಓಡಿದೆ, ಎಷ್ಟು ಸಲ ಮುಖ ಕೆತ್ತಲಾಗಿದೆ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ದೊರೆಯುವುದಿಲ್ಲ. ಆಫ್ಟರ್ ಮಾರ್ಕೆಟ್ ಮಾಲೆಲ್ಲವೂ ಕಳಪೆ ಎಂದು ಇದರ ಅರ್ಥವಲ್ಲ; ಉತ್ತಮ ಫೌಂಡ್ರಿಗಳ ಮಾಲು ಚೆನ್ನಾಗಿಯೇ ಬಾಳುತ್ತದೆ. ಆದರೆ ತಯಾರಕನ ಗುರುತೇ ಇಲ್ಲದ ಹಳೆಯ ಹೆಡ್ಡಿಗೆ ಗುರುತಿರುವ ಹೆಡ್ಡಿನ ಬೆಲೆಯನ್ನು ಕೊಡಬಾರದು.

3. ಹೊಂದಾಣಿಕೆ

‘ಆರು ಸಿಲಿಂಡರ್ ಹೆಡ್’ ಎಂದಷ್ಟೇ ಹೇಳಿ ಕೊಳ್ಳುವುದು ತಪ್ಪು. ಟಾಟಾ 697 ಇಂಜಿನ್ನಿನ ಸಿಲಿಂಡರ್ ವ್ಯಾಸ 97 ಮಿ.ಮೀ., ಸ್ಟ್ರೋಕ್ 128 ಮಿ.ಮೀ., ಒಟ್ಟು ಸಾಮರ್ಥ್ಯ 5,675 ಸಿ.ಸಿ. ಕಮ್ಮಿನ್ಸ್ 6ಬಿಟಿ ಇಂಜಿನ್ನಿನ ವ್ಯಾಸ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ., ಸಾಮರ್ಥ್ಯ 5,883 ಸಿ.ಸಿ. ಸಾಮರ್ಥ್ಯದಲ್ಲಿ ಇವೆರಡೂ ಸಮೀಪವಾಗಿದ್ದರೂ ಒಂದರ ಹೆಡ್ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೇ ಕುಟುಂಬದ ಇಂಜಿನ್‌ಗಳಲ್ಲಿಯೂ ಎಚ್ಚರ ಬೇಕು. 6ಬಿಟಿಯ ಹೆಡ್ಡಿನಲ್ಲಿ 12 ವಾಲ್ವುಗಳಿದ್ದರೆ, ಅದೇ 5.9 ಲೀಟರ್ ಗಾತ್ರದ ಎಲೆಕ್ಟ್ರಾನಿಕ್ ಐಎಸ್‌ಬಿಇ ಇಂಜಿನ್ನಿನಲ್ಲಿ 24 ವಾಲ್ವುಗಳಿವೆ. ಇವುಗಳ ಹೆಡ್ಡುಗಳನ್ನು ನೇರವಾಗಿ ಅದಲುಬದಲು ಮಾಡಲು ಬರುವುದಿಲ್ಲ.

ಆದುದರಿಂದ ಮಾರುಕಟ್ಟೆಗೆ ಹೋಗುವ ಮುನ್ನ ಇಂಜಿನ್ನಿನ ಮಾದರಿ ಮತ್ತು ಸಂಖ್ಯೆ, ಹಳೆಯ ಹೆಡ್ಡಿನ ಎರಕದಲ್ಲಿ ಉಬ್ಬಿ ನಿಂತಿರುವ ಸಂಖ್ಯೆ, ಬಿಡಿಭಾಗ ಸಂಖ್ಯೆ ಇವುಗಳನ್ನು ಬರೆದುಕೊಂಡು ಹೋಗಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಜೊತೆಯಲ್ಲಿ ಒಯ್ದು ಹೊಸದಾಗಿ ಕೊಳ್ಳುವ ಹೆಡ್ಡಿನ ಮೇಲಿಟ್ಟು ನೀರಿನ ಮತ್ತು ಬೋಲ್ಟಿನ ರಂಧ್ರಗಳನ್ನು ಹೋಲಿಸುವುದು ಅನುಭವಿ ಮಿಸ್ತ್ರಿಗಳು ಅನುಸರಿಸುವ ಸರಳ ಉಪಾಯ.

4. ತಪಾಸಣೆಯ ಕ್ರಮ

ಹೆಡ್ ಕೊಳ್ಳುವಾಗ ಈ ಕೆಳಗಿನ ಅಂಶಗಳನ್ನು ಕ್ರಮವಾಗಿ ನೋಡಬೇಕು.

(1) ಹೊಸ ಬಣ್ಣ ಬಳಿದ ಹೆಡ್ಡಿನ ಬಗ್ಗೆ ಮೊದಲೇ ಅನುಮಾನವಿರಲಿ. ಬಣ್ಣದ ಕೆಳಗೆ ಬೆಸುಗೆಯ ಗುರುತು ಅಡಗಿರಬಹುದು. ಬಣ್ಣ, ಮಸಿ, ಗ್ಯಾಸ್ಕೆಟ್ ಅಂಟು ತೆಗೆಸಿದ ಮೇಲೆಯೇ ಬೆಲೆಯ ಮಾತು.

(2) ನೀರಿನ ರಂಧ್ರಗಳ ಒಳಗೆ ಟಾರ್ಚ್ ಬೆಳಕು ಹಾಯಿಸಿ ನೋಡಬೇಕು. ಸುಣ್ಣದ ದಪ್ಪ ಪದರ ಅಥವಾ ತುಕ್ಕು ತಿಂದ ಅಂಚುಗಳು ಕಂಡರೆ ಆ ಹೆಡ್ ಬಿಸಿ ತಿಂದಿದೆ ಎಂದು ತಿಳಿಯಬಹುದು.

(3) ಕೆಳಮುಖದ ಮೇಲೆ ನೇರ ಪಟ್ಟಿಯಿಟ್ಟು, ಉದ್ದ, ಅಡ್ಡ ಮತ್ತು ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಿದರೆ ಹೆಡ್ ಎಷ್ಟು ಬಾಗಿದೆ ಎಂಬುದು ತಿಳಿಯುತ್ತದೆ. ಅನುಮತಿಸಿದ ಮಿತಿಯನ್ನು ಆಯಾ ಇಂಜಿನ್ನಿನ ಕೈಪಿಡಿಯಿಂದ ತಿಳಿಯಬೇಕು.

(4) ಹೆಡ್ಡಿನ ದಪ್ಪವನ್ನು ಅಳೆಯಬೇಕು. ಬಾಗಿದ ಹೆಡ್ಡಿನ ಮುಖವನ್ನು ಪ್ರತಿ ಸಲ ಕೆತ್ತಿದಾಗಲೂ ದಪ್ಪ ಕಡಿಮೆಯಾಗುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರ ಬಹಳ ಕಿರಿದು. ಮಿತಿ ಮೀರಿ ಕೆತ್ತಿದ ಹೆಡ್ ಹಾಕಿದರೆ ವಾಲ್ವು ಪಿಸ್ಟನ್ನಿಗೆ ತಾಗಿ ಇಡೀ ಇಂಜಿನ್ ಹಾಳಾಗಬಹುದು. ಇಂಜೆಕ್ಟರಿನ ತುದಿ ಎಷ್ಟು ಹೊರಚಾಚಿದೆ, ವಾಲ್ವ್ ಎಷ್ಟು ಒಳಗೆ ಕುಳಿತಿದೆ ಎಂಬುದನ್ನೂ ನೋಡಬೇಕು.

(5) ಬಿರುಕಿನ ಪರೀಕ್ಷೆ. ಕೆಂಪು ಬಣ್ಣದ ದ್ರವ ಹಚ್ಚಿ ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಮೇಲ್ಮೈಯ ಬಿರುಕು ಗೆರೆಯಾಗಿ ಕಾಣುತ್ತದೆ. ಎರಕದ ಕಬ್ಬಿಣದ ಹೆಡ್ಡಿಗೆ ಕಾಂತೀಯ ಪರೀಕ್ಷೆಯನ್ನೂ ಮಾಡಬಹುದು.

(6) ಒತ್ತಡ ಪರೀಕ್ಷೆ. ನೀರಿನ ಎಲ್ಲ ರಂಧ್ರಗಳನ್ನೂ ರಬ್ಬರು ಮತ್ತು ಪಟ್ಟಿಗಳಿಂದ ಮುಚ್ಚಿ, ಒಳಗೆ ಗಾಳಿ ತುಂಬಿ, ಹೆಡ್ಡನ್ನು ಬಿಸಿ ನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ ಎಂದರ್ಥ. ತಣ್ಣಗಿರುವಾಗ ಮುಚ್ಚಿಕೊಂಡಿರುವ ಬಿರುಕು ಕಾದಾಗ ಬಾಯಿ ತೆರೆಯುವುದರಿಂದ ಬಿಸಿ ನೀರನ್ನೇ ಬಳಸುವುದು ಅಗತ್ಯ.

ಈ ಆರರಲ್ಲಿ ಮೊದಲ ನಾಲ್ಕನ್ನು ಅಂಗಡಿಯ ಮುಂದೆಯೇ ಮುಗಿಸಬಹುದು. ಕೊನೆಯ ಎರಡಕ್ಕೆ ವರ್ಕ್‌ಶಾಪ್ ಬೇಕು. ಆದುದರಿಂದ ವ್ಯಾಪಾರದ ಷರತ್ತು ಹೀಗಿರಬೇಕು: ಒತ್ತಡ ಪರೀಕ್ಷೆಯಲ್ಲಿ ಸೋತರೆ ನಿಗದಿತ ದಿನಗಳೊಳಗೆ ಹೆಡ್ ಹಿಂದಿರುಗಿಸಿ ಪೂರ್ಣ ಹಣ ಪಡೆಯುವುದು. ಈ ಷರತ್ತನ್ನು ಬಾಯಿಮಾತಿಗೆ ಬಿಡದೆ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಷರತ್ತಿಗೆ ಒಪ್ಪದ ಮಾರಾಟಗಾರನ ದರ ಎಷ್ಟೇ ಕಡಿಮೆಯಿದ್ದರೂ ಅಪಾಯವೆಲ್ಲ ಕೊಳ್ಳುವವನ ತಲೆಗೇ ಬರುತ್ತದೆ.

5. ನಿಜವಾದ ಬೆಲೆ: ಒಂದು ಉದಾಹರಣೆ

ಕೆಳಗಿನ ಅಂಕಿಗಳು ಲೆಕ್ಕದ ವಿಧಾನವನ್ನು ತೋರಿಸಲು ಊಹಿಸಿಕೊಂಡವು; ಮಾರುಕಟ್ಟೆಯ ದರಗಳಲ್ಲ. ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಂಡು ಲೆಕ್ಕ ಮಾಡಬಹುದು.

ಮೊದಲನೆಯ ಆಯ್ಕೆ: ಬಿಲ್ಲಿಲ್ಲದೆ, ನಗದು ಕೊಟ್ಟು ತಂದ ಹಳೆಯ ಹೆಡ್.
ಹೆಡ್ಡಿನ ದರ — ರೂ. 16,000
ಸಾಗಣೆ — ರೂ. 1,500
ಒತ್ತಡ ಪರೀಕ್ಷೆ — ರೂ. 1,000
ಮುಖ ಸಮಗೊಳಿಸುವಿಕೆ — ರೂ. 2,000
ವಾಲ್ವ್, ಸೀಟು, ಗೈಡು — ರೂ. 7,500
ಗ್ಯಾಸ್ಕೆಟ್ ಸೆಟ್ — ರೂ. 3,500
ಜೋಡಣೆಯ ಕೂಲಿ — ರೂ. 6,000
ಒಟ್ಟು — ರೂ. 37,500

ಎರಡನೆಯ ಆಯ್ಕೆ: ತೆರಿಗೆ ಬಿಲ್ಲು ಮತ್ತು ಪರೀಕ್ಷಾ ವರದಿಯೊಂದಿಗೆ ಕೊಂಡ ರೀಕಂಡಿಶನ್ ಹೆಡ್.
ಹೆಡ್ಡಿನ ದರ — ರೂ. 32,000
ಜಿ.ಎಸ್.ಟಿ. ಶೇ. 18 — ರೂ. 5,760
ಸಾಗಣೆ — ರೂ. 1,500
ಗ್ಯಾಸ್ಕೆಟ್ ಸೆಟ್ — ರೂ. 3,500
ಜೋಡಣೆಯ ಕೂಲಿ — ರೂ. 6,000
ಒಟ್ಟು — ರೂ. 48,760

ಅಂಗಡಿಯ ದರದಲ್ಲಿ ಎರಡನೆಯದು ಮೊದಲನೆಯದರ ಎರಡರಷ್ಟು. ಆದರೆ ಲಾರಿ ರಸ್ತೆಗೆ ಇಳಿಯುವ ಹೊತ್ತಿಗೆ ವ್ಯತ್ಯಾಸ ರೂ. 11,260 ಮಾತ್ರ. ಈ ವ್ಯತ್ಯಾಸವೂ ಎಲ್ಲರಿಗೂ ಒಂದೇ ಆಗಿರುವುದಿಲ್ಲ.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಘಟಕ ನಡೆಸುತ್ತಾ ತನ್ನದೇ ಸರಕನ್ನು ತನ್ನ ಲಾರಿಯಲ್ಲಿ ಸಾಗಿಸುವ ಒಂದು ಪಾಲುದಾರಿಕೆ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಅದು ಜಿ.ಎಸ್.ಟಿ.ಯಲ್ಲಿ ನೋಂದಾಯಿತವಾಗಿದ್ದು, ಲೆಕ್ಕಪುಸ್ತಕಗಳನ್ನು ಇಟ್ಟು, ಲಾಭದ ಮೇಲೆ ಶೇ. 30 ಆದಾಯ ತೆರಿಗೆ ಮತ್ತು ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2 ಕಟ್ಟುತ್ತದೆ. ಎರಡನೆಯ ಆಯ್ಕೆಯಲ್ಲಿ ರೂ. 5,760 ಇನ್‌ಪುಟ್ ತೆರಿಗೆ ಜಮೆಯಾಗಿ ಹಿಂದಿರುಗುವುದರಿಂದ ವೆಚ್ಚ ರೂ. 43,000. ಅದಷ್ಟೂ ದುರಸ್ತಿ ವೆಚ್ಚವಾಗಿ ಕಳೆಯಲ್ಪಟ್ಟು, ಆದಾಯ ತೆರಿಗೆಯಲ್ಲಿ ರೂ. 13,416 ಉಳಿಯುತ್ತದೆ. ನಿವ್ವಳ ಹೊರೆ ರೂ. 29,584. ಮೊದಲನೆಯ ಆಯ್ಕೆಯಲ್ಲಿ ಬಿಲ್ಲಿಲ್ಲದ ನಗದು ರೂ. 16,000 ವೆಚ್ಚವಾಗಿ ಒಪ್ಪಿತವಾಗುವುದಿಲ್ಲ. ಉಳಿದ ರೂ. 21,500ರ ಮೇಲೆ ಮಾತ್ರ ರೂ. 6,708 ತೆರಿಗೆ ಉಳಿಯುತ್ತದೆ. ನಿವ್ವಳ ಹೊರೆ ರೂ. 30,792. ಅಂದರೆ ಅಗ್ಗವೆಂದು ತಂದ ಹೆಡ್ ಈ ಸಂಸ್ಥೆಗೆ ರೂ. 1,208ರಷ್ಟು ದುಬಾರಿಯೇ ಆಯಿತು.

ಒಂದೇ ಲಾರಿಯನ್ನು ಬಾಡಿಗೆಗೆ ಓಡಿಸುವ, ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಮಾಲೀಕನಿಗೆ ಈ ಎರಡೂ ಅನುಕೂಲಗಳಿಲ್ಲ. ಅವನಿಗೆ ಮೊದಲನೆಯ ಆಯ್ಕೆಯಲ್ಲಿ ರೂ. 11,260 ಉಳಿಯುವುದು ನಿಜ. ಆದರೆ ಜೋಡಿಸಿದ ಮೇಲೆ ಆ ಹೆಡ್ ಸೋತರೆ ಆಗುವ ನಷ್ಟವನ್ನೂ ಎದುರಿಗಿಡಬೇಕು. ಹೆಡ್ಡು, ಸಾಗಣೆ ಮತ್ತು ಅದರ ಮೇಲೆ ಮಾಡಿಸಿದ ಕೆಲಸ ಸೇರಿ ರೂ. 28,000, ಮತ್ತೊಮ್ಮೆ ಗ್ಯಾಸ್ಕೆಟ್ ರೂ. 3,500, ಮತ್ತೊಮ್ಮೆ ಕೂಲಿ ರೂ. 6,000, ದಿನಕ್ಕೆ ರೂ. 3,000ದಂತೆ ನಾಲ್ಕು ದಿನ ಲಾರಿ ನಿಂತರೆ ರೂ. 12,000. ಒಟ್ಟು ರೂ. 49,500. ಇಂತಹ ನಾಲ್ಕು ಖರೀದಿಗಳಲ್ಲಿ ಒಂದು ಕೈಕೊಟ್ಟರೂ ನಾಲ್ಕರ ಉಳಿತಾಯವಾದ ರೂ. 45,040 ಪೂರ್ತಿ ಕರಗಿ, ಮೇಲೆ ನಷ್ಟವೇ ಉಳಿಯುತ್ತದೆ. ಲಾರಿಯ ಸಾಲದ ಕಂತು ಮಾತ್ರ ಲಾರಿ ನಿಂತಿತೆಂದು ನಿಲ್ಲುವುದಿಲ್ಲ.

ಅದೇ ಹೆಡ್ಡನ್ನು ಬೇರೆ ಯಾವ ಕೆಲಸಕ್ಕೂ ಮುನ್ನ ಒತ್ತಡ ಪರೀಕ್ಷೆಗೆ ಒಳಪಡಿಸಿ, ಹಿಂದಿರುಗಿಸುವ ಷರತ್ತೂ ಇದ್ದರೆ, ಸೋತಾಗಿನ ನಷ್ಟ ಸಾಗಣೆ ಮತ್ತು ಪರೀಕ್ಷೆಯ ರೂ. 2,500 ಹಾಗೂ ಹಿಂದಿರುಗಿಸುವ ಸಾಗಣೆ ಮಾತ್ರ. ಬಡ ಮಾಲೀಕನನ್ನು ಕಾಪಾಡುವುದು ಕಡಿಮೆ ದರವಲ್ಲ. ಈ ಸಾವಿರ ರೂಪಾಯಿಯ ಪರೀಕ್ಷೆ ಮತ್ತು ಒಂದು ಸಾಲಿನ ಷರತ್ತು.

6. ಜಿ.ಎಸ್.ಟಿ. ವಿಷಯಗಳು

ಇಂಜಿನ್ನಿನ ಬಿಡಿಭಾಗಗಳು 8409ನೆಯ ಶೀರ್ಷಿಕೆಯಲ್ಲಿ ಬರುತ್ತವೆ. ಮೊದಲು ಶೇ. 28 ಇದ್ದ ಲಾರಿ ಬಿಡಿಭಾಗಗಳ ದರವು 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ‘ತೆರಿಗೆ ಹೆಚ್ಚು, ಬಿಲ್ಲು ಬೇಡ’ ಎಂಬ ಹಳೆಯ ಮಾತಿನ ಬಲ ಇದರಿಂದ ಸಾಕಷ್ಟು ಕುಗ್ಗಿದೆ.

ಹಳೆಯ ಸರಕುಗಳ ವ್ಯಾಪಾರಿಗಳಿಗೆ 2017ರ ಕೇಂದ್ರ ಜಿ.ಎಸ್.ಟಿ. ನಿಯಮಗಳ 32(5)ನೆಯ ನಿಯಮವು ಒಂದು ಅನುಕೂಲ ಕಲ್ಪಿಸಿದೆ. ಕೊಂಡ ಸರಕನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಂತಹ ಸಣ್ಣಪುಟ್ಟ ಕೆಲಸ ಮಾಡಿ ಮಾರುವವರು, ಕೊಳ್ಳುವಾಗ ಇನ್‌ಪುಟ್ ಜಮೆ ಪಡೆಯದಿದ್ದರೆ, ಮಾರಿದ ಮತ್ತು ಕೊಂಡ ಬೆಲೆಗಳ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ರೂ. 12,000ಕ್ಕೆ ಕೊಂಡ ಹೆಡ್ಡನ್ನು ರೂ. 16,000ಕ್ಕೆ ಮಾರಿದರೆ ರೂ. 4,000ದ ಮೇಲೆ ಶೇ. 18ರಂತೆ ತೆರಿಗೆ ರೂ. 720 ಮಾತ್ರ. ಆದುದರಿಂದ ಬಿಲ್ಲು ಕೊಟ್ಟರೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಬೀಳುತ್ತದೆ ಎಂಬ ಮಾರಾಟಗಾರನ ಸಬೂಬನ್ನು ಒಪ್ಪಬೇಕಾಗಿಲ್ಲ.

ಇನ್‌ಪುಟ್ ಜಮೆ ಯಾರಿಗೆ ದೊರೆಯುತ್ತದೆ ಎಂಬುದು ಲಾರಿಯ ಬಳಕೆಯನ್ನು ಅವಲಂಬಿಸಿದೆ.

(ಅ) ಸ್ವಂತ ತೆರಿಗೆಯುಕ್ತ ಸರಕನ್ನು ಸಾಗಿಸುವ ನೋಂದಾಯಿತ ವರ್ತಕರು ಮತ್ತು ಉತ್ಪಾದಕರಿಗೆ ಜಮೆ ಉಂಟು. ರಾಜಿ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಇಲ್ಲ.
(ಆ) ಶೇ. 18ರ ದರವನ್ನು ಆಯ್ದುಕೊಂಡ ಸರಕು ಸಾಗಣೆ ಏಜೆನ್ಸಿಗಳಿಗೆ ಜಮೆ ಉಂಟು.
(ಇ) ಶೇ. 5ರ ದರದಲ್ಲಿ, ಅಥವಾ ಗ್ರಾಹಕನೇ ರಿವರ್ಸ್ ಚಾರ್ಜ್ ಕಟ್ಟುವ ಪದ್ಧತಿಯಲ್ಲಿ ನಡೆಯುವ ಏಜೆನ್ಸಿಗಳಿಗೂ, ಲಾರಿಯನ್ನು ಏಜೆನ್ಸಿಗೆ ಬಾಡಿಗೆಗೆ ಕೊಡುವ ಮಾಲೀಕರಿಗೂ ಜಮೆ ಇಲ್ಲ.

ಸೇಡಂ ಮತ್ತು ಚಿಂಚೋಳಿಯವರು ಹೈದರಾಬಾದಿನಲ್ಲಿ ಕೊಳ್ಳುವಾಗ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಅಂಗಡಿಯವನು ಗ್ರಾಹಕ ಎದುರಿಗೇ ಇದ್ದಾನೆಂದು ತೆಲಂಗಾಣದ ರಾಜ್ಯ ಜಿ.ಎಸ್.ಟಿ. ಮತ್ತು ಕೇಂದ್ರ ಜಿ.ಎಸ್.ಟಿ. ಹಾಕಿ ಬಿಲ್ಲು ಮಾಡಿದರೆ, ಕರ್ನಾಟಕದಲ್ಲಿ ನೋಂದಾಯಿತನಾದ ಕೊಳ್ಳುವವನಿಗೆ ಆ ಜಮೆ ದಕ್ಕುವುದಿಲ್ಲ. ತನ್ನ ಜಿ.ಎಸ್.ಟಿ. ಸಂಖ್ಯೆ ಕೊಟ್ಟು, ಸರಕು ಕರ್ನಾಟಕಕ್ಕೆ ಹೋಗುತ್ತದೆ ಎಂದು ತಿಳಿಸಿ, ಐ.ಜಿ.ಎಸ್.ಟಿ. ಬಿಲ್ಲನ್ನೇ ಕೇಳಿ ಪಡೆಯಬೇಕು. ಆ ಬಿಲ್ಲು ತನ್ನ ಜಿ.ಎಸ್.ಟಿ.ಆರ್.-2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡಿದೆಯೇ ಎಂದು ನೋಡಿದ ಮೇಲೆಯೇ ಜಮೆ ಪಡೆಯಬೇಕು. ಒಂದು ಹೆಡ್ಡಿನ ಬೆಲೆ ರೂ. 50,000 ಮೀರದಿದ್ದರೆ ಇ-ವೇ ಬಿಲ್ ಬೇಕಾಗುವುದಿಲ್ಲ; ಪೂರ್ತಿ ಇಂಜಿನ್ ತರುವಾಗ ಸಾಮಾನ್ಯವಾಗಿ ಬೇಕಾಗುತ್ತದೆ.

ಹಳೆಯ ಹೆಡ್ಡನ್ನು ಬದಲಿಗೆ ಕೊಟ್ಟು ದರ ಇಳಿಸಿಕೊಳ್ಳುವ ಪದ್ಧತಿಯೂ ಇದೆ. ರೂ. 32,000ದ ಹೆಡ್ಡಿಗೆ ಹಳೆಯದರ ಬಾಬ್ತು ರೂ. 4,000 ಕಳೆದು ರೂ. 28,000 ಕೊಟ್ಟರೂ ತೆರಿಗೆ ಬೀಳುವುದು ರೂ. 32,000ದ ಮೇಲೆಯೇ. ಬಿರುಕುಬಿಟ್ಟ ಹೆಡ್ಡನ್ನು ಗುಜರಿಗೆ ಹಾಕಿದರೆ ಅದು ಬಿಡಿಭಾಗವಲ್ಲ, 7204ನೆಯ ಶೀರ್ಷಿಕೆಯ ಕಬ್ಬಿಣದ ಗುಜರಿ. ನೋಂದಾಯಿತ ವರ್ತಕನು ಅದಕ್ಕೂ ತೆರಿಗೆ ಬಿಲ್ಲು ಮಾಡಬೇಕು. ನೋಂದಣಿ ಇಲ್ಲದವನಿಂದ ನೋಂದಾಯಿತ ಗುಜರಿ ವ್ಯಾಪಾರಿ ಕೊಂಡರೆ, 2024ರ ಅಕ್ಟೋಬರ್ 10ರಿಂದ ರಿವರ್ಸ್ ಚಾರ್ಜ್ ಪ್ರಕಾರ ವ್ಯಾಪಾರಿಯೇ ತೆರಿಗೆ ಕಟ್ಟಬೇಕು.

7. ಆದಾಯ ತೆರಿಗೆ ವಿಷಯಗಳು

ವರ್ಷದಲ್ಲಿ ಯಾವ ಸಮಯದಲ್ಲಿಯೂ ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳನ್ನು ಹೊಂದಿರದ, ಅವುಗಳನ್ನು ಬಾಡಿಗೆಗೆ ಓಡಿಸುವ ಮಾಲೀಕರು ಅಂದಾಜು ಆದಾಯದ ಪದ್ಧತಿಯನ್ನು ಆಯ್ದುಕೊಳ್ಳಬಹುದು. 1961ರ ಕಾಯ್ದೆಯ 44ಎಇ ಕಲಮಿನ ಈ ವ್ಯವಸ್ಥೆಯನ್ನು, 2026ರ ಏಪ್ರಿಲ್ 1ನ್ನು ಜಾರಿ ದಿನಾಂಕವಾಗಿ ಹೊಂದಿರುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿಸಲಾಗಿದೆ. ಒಟ್ಟು ತೂಕ 12,000 ಕಿ.ಗ್ರಾಂ. ಮೀರಿದ ವಾಹನಕ್ಕೆ ತಿಂಗಳಿಗೆ ಪ್ರತಿ ಟನ್ನಿಗೆ ರೂ. 1,000, ಇತರ ವಾಹನಗಳಿಗೆ ತಿಂಗಳಿಗೆ ರೂ. 7,500. 25 ಟನ್ ಲಾರಿಗೆ ವರ್ಷಕ್ಕೆ ರೂ. 3,00,000 ಆದಾಯವೆಂದು ಪರಿಗಣಿಸಲಾಗುತ್ತದೆ. ಇಂಜಿನ್ ದುರಸ್ತಿಯ ವೆಚ್ಚವೂ ಇದರಲ್ಲಿಯೇ ಅಡಕವಾಗಿದ್ದು, ಅದನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ. ಲಾರಿ ಎಷ್ಟು ತಿಂಗಳು ಮಾಲೀಕನ ಹೆಸರಿನಲ್ಲಿತ್ತು ಎಂಬುದೇ ಆಧಾರವಾದುದರಿಂದ, ವರ್ಕ್‌ಶಾಪಿನಲ್ಲಿ ನಿಂತ ದಿನಗಳಿಗೂ ಈ ಆದಾಯ ಲೆಕ್ಕಕ್ಕೆ ಬರುತ್ತದೆ. ನಿಜವಾದ ಆದಾಯ ಇದಕ್ಕಿಂತ ಕಡಿಮೆಯೆಂದು ತೋರಿಸಬೇಕಾದರೆ ಲೆಕ್ಕಪುಸ್ತಕ ಮತ್ತು ಲೆಕ್ಕಪರಿಶೋಧನೆ ಅಗತ್ಯ. ಆಗ ಪ್ರತಿಯೊಂದು ಬಿಲ್ಲಿಗೂ ಬೆಲೆ ಬರುತ್ತದೆ.

ಲೆಕ್ಕಪುಸ್ತಕ ಇಡುವವರು ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟರೆ ಆ ವೆಚ್ಚ ಒಪ್ಪಿತವಾಗುವುದಿಲ್ಲ. ಲಾರಿಯವರಿಗೆ ರೂ. 35,000ದವರೆಗೆ ವಿನಾಯಿತಿ ಇದೆಯೆಂದು ಕೆಲವರು ಭಾವಿಸಿದ್ದಾರೆ. ಆ ಮಿತಿ ಇರುವುದು ಸರಕು ವಾಹನದ ಬಾಡಿಗೆಯ ಪಾವತಿಗೆ. ಬಿಡಿಭಾಗದ ಖರೀದಿಗೆ ಅದು ಅನ್ವಯಿಸುವುದಿಲ್ಲ. ಬ್ಯಾಂಕ್ ಅಥವಾ ಯು.ಪಿ.ಐ. ಮೂಲಕ ಪಾವತಿಸುವುದು ಕ್ಷೇಮ. ನೋಂದಣಿ ಇಲ್ಲದ ವ್ಯಕ್ತಿಯಿಂದ ಕೊಂಡಾಗ ಅವನ ಹೆಸರು, ವಿಳಾಸ, ಗುರುತಿನ ಸಂಖ್ಯೆ, ಹೆಡ್ಡಿನ ಎರಕ ಸಂಖ್ಯೆ, ಯಾವ ಲಾರಿಯಿಂದ ಬಿಚ್ಚಿದ್ದು ಎಂಬ ವಿವರಗಳಿರುವ, ಸಹಿ ಮಾಡಿದ ರಸೀದಿಯನ್ನು ಪಡೆಯಬೇಕು.

ಹೆಡ್ ಒಂದನ್ನೇ ಬದಲಿಸುವುದು ಸಾಮಾನ್ಯವಾಗಿ ದುರಸ್ತಿ ವೆಚ್ಚ. ಇರುವ ಆಸ್ತಿಯನ್ನು ಉಳಿಸಿಕೊಳ್ಳುವುದೇ ದುರಸ್ತಿಯ ಉದ್ದೇಶ, ಹೊಸ ಆಸ್ತಿ ಅಥವಾ ಹೊಸ ಅನುಕೂಲ ಪಡೆಯುವುದಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಒತ್ತಿ ಹೇಳಿದೆ. ಹೆಚ್ಚು ಶಕ್ತಿಯ ಬೇರೆ ಇಂಜಿನ್ನನ್ನೇ ಕೂರಿಸಿದರೆ ಅದು ಬಂಡವಾಳ ವೆಚ್ಚವೆಂದು ಪರಿಗಣಿತವಾಗಬಹುದು. ಆಗ ಸವಕಳಿಯ ದರ ಬಾಡಿಗೆಗೆ ಓಡುವ ಲಾರಿಗೆ ಶೇ. 30, ಸ್ವಂತ ಬಳಕೆಯ ಲಾರಿಗೆ ಶೇ. 15. ಜಿ.ಎಸ್.ಟಿ. ಮೊತ್ತದ ಮೇಲೆ ಸವಕಳಿ ಪಡೆದರೆ ಅದೇ ಮೊತ್ತಕ್ಕೆ ಇನ್‌ಪುಟ್ ಜಮೆ ಪಡೆಯುವಂತಿಲ್ಲ.

8. ನೋಂದಣಿ, ವಿಮೆ ಮತ್ತು ಕಳವಿನ ಮಾಲು

ಇಂಜಿನ್ ಸಂಖ್ಯೆ ಇರುವುದು ಬ್ಲಾಕಿಗೆ ಸಂಬಂಧಿಸಿ, ಹೆಡ್ಡಿಗಲ್ಲ. ಆದುದರಿಂದ ಅದೇ ಮಾದರಿಯ ಹೆಡ್ ಬದಲಿಸಿದರೆ ನೋಂದಣಿ ಪತ್ರದಲ್ಲಿ ಬದಲಾವಣೆಯ ಅಗತ್ಯ ಬೀಳುವುದಿಲ್ಲ. ಬ್ಲಾಕ್ ಅಥವಾ ಪೂರ್ತಿ ಇಂಜಿನ್ ಬದಲಿಸಿದರೆ 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ ಅನ್ವಯವಾಗುತ್ತದೆ. ಮುಂಚಿತವಾಗಿ ಅನುಮತಿ ಪಡೆಯದೆ ಇಂಜಿನ್ ಬದಲಿಸಿದ ಸಂದರ್ಭದಲ್ಲಿ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ಶುಲ್ಕದೊಂದಿಗೆ ನೋಂದಣಿ ಪತ್ರವನ್ನು ಸಲ್ಲಿಸಬೇಕು. ತಯಾರಕರು ಸೂಚಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಆದುದರಿಂದ ಬೇರೆ ಮಾದರಿಯ ಇಂಜಿನ್ ಕೂರಿಸುವವರು, ವಿಶೇಷವಾಗಿ ಹೊಸ ಮಾಲಿನ್ಯ ಮಾನದಂಡದ ಲಾರಿಗೆ ಹಳೆಯ ಮಾನದಂಡದ ಇಂಜಿನ್ ಹಾಕಲು ಯೋಚಿಸುವವರು, ಹಣ ಕೊಡುವ ಮುನ್ನವೇ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಬೇಕು. ಸಾಲವಿರುವ ಲಾರಿಯಾದರೆ ಸಾಲ ಕೊಟ್ಟ ಸಂಸ್ಥೆಯ ಲಿಖಿತ ಒಪ್ಪಿಗೆಯನ್ನೂ ಪಡೆಯಬೇಕು.

ಯಾಂತ್ರಿಕ ಕೆಡುಕಿನ ನಷ್ಟವನ್ನು ಸಾಮಾನ್ಯ ವಾಹನ ವಿಮೆ ಭರಿಸುವುದಿಲ್ಲ. ಹೆಡ್ ಸೋತ ನಷ್ಟ ಮಾಲೀಕನದೇ. ಅಪಘಾತವಾದಾಗ ಪಾಲಿಸಿಯಲ್ಲಿರುವ ಇಂಜಿನ್ ಸಂಖ್ಯೆಗೂ ಲಾರಿಯಲ್ಲಿರುವ ಸಂಖ್ಯೆಗೂ ತಾಳೆಯಾಗದಿದ್ದರೆ ನ್ಯಾಯವಾದ ಪರಿಹಾರವೂ ತಕರಾರಿಗೆ ಸಿಲುಕುತ್ತದೆ.

ಕಳವಿನ ಲಾರಿಗಳ ಭಾಗಗಳು ಗುಜರಿ ಮಾರುಕಟ್ಟೆಗೆ ಬರುವುದುಂಟು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನ ಪ್ರಕಾರ, ಕಳವಿನದೆಂದು ತಿಳಿದು, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಮಾಲು ಪಡೆಯುವುದು ಶಿಕ್ಷಾರ್ಹ ಅಪರಾಧ. ಮಾರುಕಟ್ಟೆಯ ಅರ್ಧ ದರಕ್ಕೆ, ಬಿಲ್ಲಿಲ್ಲದೆ, ಸಂಖ್ಯೆ ಉಜ್ಜಿ ಅಳಿಸಿದ ಇಂಜಿನ್ ಕೊಂಡವನಿಗೆ ‘ಗೊತ್ತಿರಲಿಲ್ಲ’ ಎಂದು ಹೇಳುವುದು ಕಷ್ಟವಾಗುತ್ತದೆ.

9. ಸಾರಾಂಶ

(1) ಇಂಜಿನ್ ಮಾದರಿ ಮತ್ತು ಎರಕ ಸಂಖ್ಯೆಗಳನ್ನು ಬರೆದುಕೊಂಡೇ ಮಾರುಕಟ್ಟೆಗೆ ಹೋಗಬೇಕು.
(2) ಬಣ್ಣ ಬಳಿದ ಹೆಡ್ಡನ್ನು ಬಣ್ಣ ತೆಗೆಸದೆ ಕೊಳ್ಳಬಾರದು. ದಪ್ಪ ಅಳೆಯದೆ ಕೊಳ್ಳಬಾರದು.
(3) ಸೀಟು, ಗೈಡುಗಳಿಗೆ ಒಂದು ರೂಪಾಯಿ ಖರ್ಚು ಮಾಡುವ ಮುನ್ನ ಬಿಸಿ ನೀರಿನ ಒತ್ತಡ ಪರೀಕ್ಷೆ ಮುಗಿದಿರಬೇಕು.
(4) ಹಿಂದಿರುಗಿಸುವ ಷರತ್ತು ಬಿಲ್ಲಿನ ಮೇಲೆ ಇರಬೇಕು.
(5) ಹೊರ ರಾಜ್ಯದ ಖರೀದಿಗೆ ಐ.ಜಿ.ಎಸ್.ಟಿ. ಬಿಲ್ಲು, ಪಾವತಿ ಬ್ಯಾಂಕಿನ ಮೂಲಕ.
(6) ದರ ಹೋಲಿಸುವಾಗ ಲಾರಿ ರಸ್ತೆಗೆ ಇಳಿಯುವವರೆಗಿನ ಒಟ್ಟು ವೆಚ್ಚವನ್ನು, ತನಗೆ ದೊರೆಯುವ ಜಮೆ ಮತ್ತು ತೆರಿಗೆ ಉಳಿತಾಯವನ್ನು ಕಳೆದು ಹೋಲಿಸಬೇಕು.
(7) ಬ್ಲಾಕ್ ಬದಲಾದರೆ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ, ಅನಂತರ ವಿಮಾ ಕಂಪನಿಗೆ ತಿಳಿಸಬೇಕು.
(8) ಹೊಸ ಹೆಡ್ ಕೂರಿಸಿದ ದಿನದಿಂದ ಕೊಳವೆ ಬಾವಿಯ ನೀರಿನ ಬದಲು ತಯಾರಕರು ಹೇಳಿದ ಕೂಲಂಟನ್ನೇ ಬಳಸಬೇಕು. ಇಲ್ಲವಾದರೆ ಹಳೆಯ ಹೆಡ್ಡನ್ನು ಕೆಡಿಸಿದ ಸುಣ್ಣವೇ ಹೊಸದನ್ನೂ ಕೆಡಿಸುತ್ತದೆ.

ಹಳೆಯ ಹೆಡ್ ಕೊಳ್ಳುವುದು ತಪ್ಪಲ್ಲ. ಪರೀಕ್ಷೆ ಮಾಡಿಸಿ, ಬಿಲ್ಲು ಪಡೆದು ಕೊಂಡ ಹಳೆಯ ಹೆಡ್ ಸಣ್ಣ ಮಾಲೀಕನ ಲಾರಿಯನ್ನು ಇನ್ನೂ ಕೆಲವು ವರ್ಷ ಓಡಿಸಬಲ್ಲದು. ಪರೀಕ್ಷೆಯೂ ಇಲ್ಲದ, ಬಿಲ್ಲೂ ಇಲ್ಲದ ಹೆಡ್ಡಿನ ದರ ಎಷ್ಟೇ ಕಡಿಮೆಯಿದ್ದರೂ ಅದು ಅಗ್ಗವಲ್ಲ.